ಸ್ಟುಟ್‌ಗಾರ್ಟ್ ಆಫರ್ ಕೈಯಲ್ಲಿದೆ, ಪೇಪರ್ ತುಂಬ ಉದ್ಯೋಗ ಕಡಿತ: ಬರಬಹುದಾ?

ನಿಮ್ಮ ಪ್ರಶ್ನೆ ಇಷ್ಟು: ಬೆಂಗಳೂರಿನಲ್ಲಿ ಎಂಬೆಡೆಡ್ ಸಾಫ್ಟ್‌ವೇರ್ ಕೆಲಸ ಇದೆ, ಸ್ಟುಟ್‌ಗಾರ್ಟ್ ಹತ್ತಿರದ ಒಂದು ಕಾರ್ ಬಿಡಿಭಾಗಗಳ ಕಂಪನಿ ವರ್ಷಕ್ಕೆ 58,000 ಯೂರೋ ಕೊಡ್ತೀನಿ ಅಂತಿದೆ, ಆದರೆ ಬೆಳಗಾದರೆ ಜರ್ಮನ್ ಕಾರ್ ಕಂಪನಿಗಳ ಲೇಆಫ್ ಸುದ್ದಿ. ಬರೋದಾ, ಬೇಡವಾ?

ಬನ್ನಿ. ಆದರೆ ಆ ಸುದ್ದಿಯನ್ನ ಇಲ್ಲಿನವರು ಓದೋ ಹಾಗೆ ಓದಿ, ನಿಮಗೆ ತಾಗೋ ಭಾಗ ಅದರಲ್ಲಿ ಬರೆದೇ ಇರೋದಿಲ್ಲ.

ಫೋಕ್ಸ್‌ವ್ಯಾಗನ್ 2024ರ ಡಿಸೆಂಬರ್‌ನಲ್ಲಿ ಯೂನಿಯನ್ ಜೊತೆ ಕೂತು, 2030ರೊಳಗೆ 35,000ಕ್ಕೂ ಹೆಚ್ಚು ಹುದ್ದೆ ಇಳಿಸೋ ಒಪ್ಪಂದ ಮಾಡಿಕೊಂಡಿತು. ಬಾಷ್ 2025ರ ಸೆಪ್ಟೆಂಬರ್‌ನಲ್ಲಿ ಇನ್ನೂ 13,000 ಅಂದಿತು. ಅದರಲ್ಲಿ ಬಂದ ಫಾಯರ್‌ಬಾಖ್, ಶ್ವೀಬರ್‌ಡಿಂಗನ್ ಘಟಕಗಳು ಎರಡೂ ಸ್ಟುಟ್‌ಗಾರ್ಟ್ ಮಗ್ಗುಲಲ್ಲೇ ಇವೆ. ಬೆಂಗಳೂರಿನ ಕಣ್ಣಲ್ಲಿ ಓದಿದರೆ ಬೆಳಿಗ್ಗೆ ಲಾಗಿನ್ ಬಂದ್, ಸಂಜೆ ರಿಲೀವಿಂಗ್ ಲೆಟರ್ ಅನ್ನಿಸುತ್ತೆ. ಇಲ್ಲಿ 'ಷ್ಟೆಲ್ಲನ್‌ಅಬ್‌ಬೌ' ಅಂದರೆ ಹುದ್ದೆಗಳ ಸಂಖ್ಯೆ ಇಳಿಯೋದು. ನಿವೃತ್ತರಾದವರ ಜಾಗ ಖಾಲಿ ಬಿಡ್ತಾರೆ, ವಯಸ್ಸಾದವರಿಗೆ ಅರ್ಧ ಕೆಲಸದ ವ್ಯವಸ್ಥೆ ಮಾಡ್ತಾರೆ, ಹೋಗ್ತೀನಿ ಅಂದವರಿಗೆ ದುಡ್ಡು ಕೊಟ್ಟು ಕಳಿಸ್ತಾರೆ. ಫೋಕ್ಸ್‌ವ್ಯಾಗನ್‌ನ ಅದೇ ಒಪ್ಪಂದದಲ್ಲಿ 2030ರ ಕೊನೆಯವರೆಗೆ ಬಲವಂತದ ವಜಾ ಇಲ್ಲ ಅಂತಲೂ ಇದೆ. ಹಳಬರು ಭದ್ರ. ಹಾಗಾದರೆ ಭಾರ ಯಾರ ಮೇಲೆ ಬೀಳುತ್ತೆ? ಹೊಸ ನೇಮಕಾತಿ ಮೇಲೆ, ಮತ್ತು ಮೊನ್ನೆ ಮೊನ್ನೆ ಸೇರಿದವರ ಮೇಲೆ.

ಕಾರಣ 'ಪ್ರೋಬೆಟ್ಸೈಟ್', ಅಂದರೆ ಮೊದಲ ಆರು ತಿಂಗಳ ಪ್ರೊಬೇಷನ್. ಆಗ ಎರಡು ವಾರದ ನೋಟಿಸ್ ಕೊಟ್ಟು, ಕಾರಣ ಹೇಳದೆಯೇ ತೆಗೀಬಹುದು. ಹತ್ತಕ್ಕಿಂತ ಹೆಚ್ಚು ಜನರಿರೋ ಕಂಪನಿಯಲ್ಲಿ ಆರು ತಿಂಗಳು ದಾಟಿದ ಮೇಲೆ ವಜಾ ತಡೆ ಕಾನೂನು ಅನ್ವಯ ಆಗುತ್ತೆ. ಆದರೂ ನಿಜವಾಗಿ ಜನರನ್ನ ತೆಗೆಯೋ ಸಂದರ್ಭ ಬಂದರೆ ಯಾರನ್ನ ಉಳಿಸಬೇಕು ಅಂತ ನಾಲ್ಕು ವಿಷಯ ನೋಡ್ತಾರೆ: ಎಷ್ಟು ವರ್ಷ ಸರ್ವಿಸ್, ವಯಸ್ಸು, ಸಾಕಬೇಕಾದ ಸಂಸಾರ, ತೀವ್ರ ಅಂಗವೈಕಲ್ಯ. ಮೂವತ್ತರ ಒಳಗಿನ, ಮದುವೆಯಾಗದ, ಹೋದ ವರ್ಷ ಸೇರಿದ ಎಂಜಿನಿಯರ್‌ಗೆ ನಾಲ್ಕರಲ್ಲೂ ಅಂಕ ಕಮ್ಮಿ. ಕೆಲಸದಲ್ಲಿ ಎಷ್ಟೇ ಚುರುಕಾಗಿದ್ದರೂ ಇಲ್ಲಿ ಅಷ್ಟಾಗಿ ನಡೆಯೋಲ್ಲ.

ಇನ್ನು ಎಡವೋ ಜಾಗಗಳು. ವಜಾ ಪತ್ರ ಕಾಗದದ ಮೇಲೆ, ಇಂಕಿನ ಸಹಿಯೊಂದಿಗೆ ಇರಬೇಕು. ಈಮೇಲ್, ವಾಟ್ಸಾಪ್, ಪಿಡಿಎಫ್ ಯಾವುದೂ ಲೆಕ್ಕಕ್ಕಿಲ್ಲ. ಕಂಪನಿಯಲ್ಲಿ 'ಬೆಟ್ರೀಬ್ಸ್‌ರಾಟ್' (ನೌಕರರ ಮಂಡಳಿ) ಇದ್ದರೆ, ಪ್ರೊಬೇಷನ್‌ನಲ್ಲಿರುವವರ ವಿಷಯದಲ್ಲೂ ಮೊದಲು ಅವರ ಅಭಿಪ್ರಾಯ ಕೇಳಬೇಕು. ಪತ್ರ ಕೈಗೆ ಬಂದ ದಿನದಿಂದ ಮೂರು ವಾರದೊಳಗೆ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬೇಕು, ಒಂದು ದಿನ ತಡವಾದರೂ ಸಾಮಾನ್ಯವಾಗಿ ಕೇಸ್ ಮುಗಿದ ಹಾಗೆ. ಉದ್ಯೋಗ ಕಚೇರಿಯಲ್ಲಿ ಮೂರು ದಿನದೊಳಗೆ ಹೆಸರು ಬರೆಸಿ.

ಎಲ್ಲಕ್ಕಿಂತ ಹುಷಾರಾಗಿರಬೇಕಾದದ್ದು 'ಔಫ್‌ಹೇಬುಂಗ್ಸ್‌ಫರ್ಟ್ರಾಗ್'. ಎಚ್‌ಆರ್ ಮೀಟಿಂಗ್‌ಗೆ ಕರೆದು, ನಗುನಗ್ತಾ, "ಇಬ್ಬರೂ ಒಪ್ಪಿ ಬಿಡುಗಡೆ ಆಗೋಣ" ಅಂತ ಎರಡು ಹಾಳೆ ಮುಂದೆ ಇಡ್ತಾರೆ. ಸಹಿ ಹಾಕಿದರೆ ನೀವೇ ಕೆಲಸ ಬಿಟ್ಟ ಹಾಗೆ. ನಿರುದ್ಯೋಗ ಭತ್ಯೆಗೆ ಸಾಮಾನ್ಯವಾಗಿ 12 ವಾರ ತಡೆ ಬೀಳುತ್ತೆ, ಒಟ್ಟು ಅವಧಿಯೂ ಕಡಿಮೆ ಆಗುತ್ತೆ. ಅಲ್ಲೇ ಸಹಿ ಮಾಡಬೇಡಿ, ಮನೆಗೆ ತಂದು ವಕೀಲರಿಗೆ ತೋರಿಸಿ. ಭತ್ಯೆ ಸಿಗೋಕೂ ಹಿಂದಿನ 30 ತಿಂಗಳಲ್ಲಿ 12 ತಿಂಗಳು ನಿರುದ್ಯೋಗ ವಿಮೆಗೆ ವಂತಿಗೆ ಕಟ್ಟಿರಬೇಕು; ಸಿಕ್ಕರೆ ಕೈಗೆ ಬರ್ತಿದ್ದ ಸಂಬಳದ 60 ಪರ್ಸೆಂಟ್, ಮಗು ಇದ್ದರೆ 67.

ಬ್ಲೂ ಕಾರ್ಡ್ (ಓದಿದ ವಿದೇಶಿ ನೌಕರರಿಗೆ ಕೊಡೋ ವಾಸ, ಕೆಲಸದ ಪರವಾನಗಿ) ವಿಷಯ. 2025ರಲ್ಲಿ ಸಂಬಳದ ಮಿತಿ 48,300 ಯೂರೋ ಇತ್ತು, ಐಟಿಯಂಥ ಕೊರತೆ ಇರೋ ವೃತ್ತಿಗಳಿಗೆ 43,759.80; ಪ್ರತಿ ಹೊಸ ವರ್ಷಕ್ಕೆ ಮಿತಿ ಬದಲಾಗುತ್ತೆ, ನಿಮ್ಮ ಆಫರ್‌ಗೆ ತೊಂದರೆ ಇಲ್ಲ. ಕೆಲಸ ಹೋದರೆ ಎರಡು ವಾರದೊಳಗೆ ವಿದೇಶಿಗರ ಕಚೇರಿಗೆ ನೀವೇ ತಿಳಿಸಬೇಕು. ಹೊಸ ಕೆಲಸ ಹುಡುಕೋಕೆ ಸಿಗೋ ಕಾಲ ತಿಂಗಳುಗಳ ಲೆಕ್ಕದ್ದು, ವರ್ಷದ್ದಲ್ಲ. ಕಾಯಂ ವಾಸಕ್ಕೆ ಎ1 (ಆರಂಭದ ಮಟ್ಟದ) ಜರ್ಮನ್ ಇದ್ದರೆ 27 ತಿಂಗಳು, ಬಿ1 (ಮಧ್ಯಮ ಮಟ್ಟ) ಇದ್ದರೆ 21. ಈ ಆರು ತಿಂಗಳ ವ್ಯತ್ಯಾಸಕ್ಕಾದರೂ ಭಾಷೆ ಕಲೀರಿ. ಕಾಯಂ ಆದಮೇಲೆ ಲೇಆಫ್ ಸುದ್ದಿ ಓದಿ ನಿದ್ದೆ ಕೆಡೋದಿಲ್ಲ.

ಒಂದು ಪ್ರಶ್ನೆ ಇವತ್ತೇ ಎಚ್‌ಆರ್‌ಗೆ ಕೇಳಿ: ಒಪ್ಪಂದ ಜರ್ಮನ್ ಕಂಪನಿ ಜೊತೆಗಾ, ಬೆಂಗಳೂರು ಘಟಕದಿಂದ ಡೆಪ್ಯುಟೇಷನ್ ಮೇಲಾ? ಡೆಪ್ಯುಟೇಷನ್ ಆದರೆ ಬ್ಲೂ ಕಾರ್ಡ್ ಸಿಗೋಲ್ಲ. ಆ 21, 27ರ ಲೆಕ್ಕ ಶುರುವಾಗೋದೇ ಇಲ್ಲ. ಅದರ ಬದಲಿಗೆ ವಾಪಸ್ ಹೋಗೋಕೆ ಬೆಂಗಳೂರಿನಲ್ಲಿ ಕೆಲಸ ಇರುತ್ತೆ. ಎರಡನ್ನೂ ತೂಗಿ ನೋಡಿ. ವಾರಕ್ಕೆ 35 ಗಂಟೆಯಾ, 40ಆ ಅಂತಲೂ ಕೇಳಿ. ಐಜಿ ಮೆಟಾಲ್ ಯೂನಿಯನ್ ಒಪ್ಪಂದ ಇರೋ ಕಂಪನಿಗಳಲ್ಲಿ 35. ಗಂಟೆ ಲೆಕ್ಕದಲ್ಲಿ ಅದು ಸಣ್ಣ ವಿಷಯ ಅಲ್ಲ.

58,000ದಲ್ಲಿ ಒಂಟಿ ಮನುಷ್ಯನಿಗೆ ತಿಂಗಳಿಗೆ ಕೈಗೆ ಸಿಗೋದು ಸುಮಾರು 3,000. ವಿಳಾಸ ನೋಂದಣಿ ಫಾರ್ಮ್‌ನಲ್ಲಿ ಧರ್ಮದ ಕಾಲಂ ಇರುತ್ತೆ, ಯೋಚನೆ ಮಾಡದೆ ಏನೋ ತುಂಬಬೇಡಿ: ಚರ್ಚ್ ಸದಸ್ಯರು ಅಂತಾದರೆ ಆದಾಯ ತೆರಿಗೆಯ 8 ಪರ್ಸೆಂಟ್ ಚರ್ಚ್ ತೆರಿಗೆ ಕಡಿತ.

ಮತ್ತೆ ಮನೆ. ಇಲ್ಲಿ ಬಾಡಿಗೆ ಮನೆ ಎಷ್ಟೋ ಸಲ ಅಡುಗೆಮನೆ ಇಲ್ಲದೆ ಬರುತ್ತೆ: ಸಿಂಕ್, ಒಲೆ, ಕಪಾಟು ಏನೂ ಇಲ್ಲ, ಗೋಡೆಯಿಂದ ನಲ್ಲಿ ಪೈಪ್ ಮಾತ್ರ ಹೊರಗೆ ಇಣುಕಿರುತ್ತೆ. ಅದರ ಮೇಲೆ ಅಡ್ವಾನ್ಸ್ ಮೂರು ತಿಂಗಳ ಬಾಡಿಗೆಯವರೆಗೂ ಕೇಳ್ತಾರೆ. ಪ್ರೊಬೇಷನ್ ಮುಗಿಯೋ ತನಕ ಫರ್ನಿಶ್ಡ್ ರೂಮ್ ಸಾಕು. ಅಡುಗೆಮನೆಗೆ ಸಾವಿರಾರು ಯೂರೋ ಸುರಿಯೋದನ್ನ ಏಳನೇ ತಿಂಗಳಿಗೆ ಇಟ್ಟುಕೊಳ್ಳಿ.