ಮೂಡಿಗೆರೆ ಅಣ್ಣ, ಡಿಸ್‌ಪ್ಲೇ ಬಿಚ್ಚಿಸೋ ಮೊದಲು ಜಾಬ್ ಶೀಟ್ ಬರೆಸಿಕೊಳ್ಳಿ

ಅಣ್ಣ, ಸ್ವಲ್ಪ ತಡೀರಿ. ಎಂಬತ್ತು ಸಾವಿರದ ಫೋನು, ಹದಿನಾಲ್ಕು ತಿಂಗಳಾಗಿದೆ, ಅಪ್‌ಡೇಟ್ ಆದ ಮೇಲೆ ಸ್ಕ್ರೀನಿನ ಮೇಲೆ ಹಸಿರು ಗೆರೆ ಬಂದಿದೆ. ಸರ್ವಿಸ್ ಸೆಂಟರಿನವರು ಬಾಯಿಮಾತಲ್ಲಿ "ವಾರಂಟಿ ಮುಗಿದಿದೆ, 22 ಸಾವಿರ ಆಗುತ್ತೆ" ಎಂದು ಕಳಿಸಿದ್ದಾರೆ. ಈಗ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಕಮ್ಮಿ ದುಡ್ಡಿಗೆ ಡಿಸ್‌ಪ್ಲೇ ಹಾಕಿಸುತ್ತೇನೆ ಅಂತ ಬರೆದಿದ್ದೀರಿ. ಕೆಳಗೆ ಎಲ್ಲರೂ "ಹಾಕ್ಸಿಬಿಡಿ ಅಣ್ಣ" ಎಂದು ತಾಳ ಹಾಕಿದ್ದಾರೆ. ನಮ್ಮ ಮನೆಯಲ್ಲೂ ಇದೇ ಆಗಿತ್ತು, ಅದಕ್ಕೇ ಬರೆಯುತ್ತಿದ್ದೇನೆ. ಕಾಫಿ, ಮೆಣಸಿನ ಗುಂಪಿನಲ್ಲಿ ಫೋನಿನ ಪುರಾಣ ಯಾಕೆ ಅಂತ ಅಡ್ಮಿನ್ ಬಯ್ಯಬೇಡಿ.

ಹೊರಗಿನವರು ಒಮ್ಮೆ ಬಿಚ್ಚಿದರೆ ಮುಗಿಯಿತು. ಅಂಚಿನ ಗಮ್ ಕಿತ್ತದ್ದು, ಫ್ರೇಮಿನ ಮೇಲೆ ಬಿಚ್ಚುವ ಸಾಧನ ಎಳೆದ ಗೀರು, ಎಲ್ಲ ನೋಡಿದ ಕೂಡಲೇ ಗೊತ್ತಾಗುತ್ತೆ. ಆಮೇಲೆ ಕಂಪನಿಯವರು ಹೇಳುವುದು ಒಂದೇ ಮಾತು, "ಬೇರೆಯವರು ಕೈ ಹಾಕಿದ್ದಾರೆ." ಅಲ್ಲಿಗೆ ನಿಮ್ಮ ಸಾಕ್ಷಿ ಹೋಯಿತು.

ಮತ್ತೆ ಅಧಿಕೃತ ಸೆಂಟರಿಗೇ ಹೋಗಿ ಜಾಬ್ ಶೀಟ್ ಮಾಡಿಸಿ, ಅಂದರೆ ಫೋನಿನ ತೊಂದರೆ, ಸ್ಥಿತಿ ಬರೆದು ಅವರು ಕೊಡುವ ಕಾಗದ. ರಿಪೇರಿ ಮಾಡಿಸಲೇಬೇಕು ಅಂತೇನಿಲ್ಲ, ಎಸ್ಟಿಮೇಟ್ ಸಾಕು. ತಪಾಸಣೆಗೆ ಚಾರ್ಜ್ ಕೇಳಿದರೆ ಕೊಟ್ಟು ರಸೀದಿ ತೆಗೆದುಕೊಳ್ಳಿ. ಅವರು "ಡಿಸ್‌ಪ್ಲೇ ಪ್ರಾಬ್ಲಂ, ವಾರಂಟಿ ಇಲ್ಲ" ಎಂದು ಎರಡು ಮಾತು ಬರೆದು ಕೊಡುತ್ತಾರೆ. ಅದಕ್ಕೆ ಒಪ್ಪಬೇಡಿ. ಅಪ್‌ಡೇಟ್ ಆದ ಮೇಲೆ ಗೆರೆ ಬಂತು, ಗಾಜು ಒಡೆದಿಲ್ಲ, ತಗ್ಗು ಬಿದ್ದಿಲ್ಲ, ನೀರು ಹೋಗಿಲ್ಲ, ಇಷ್ಟನ್ನೂ ಬರೆಸಿ. ನಮ್ಮ ಕೇಸಿನಲ್ಲಿ ಕೆಳಗೆ ಚಿಕ್ಕದಾಗಿ "ತೇವಾಂಶದ ಅನುಮಾನ" ಅಂತ ಸೇರಿಸಿದ್ದರು. ಓದದೆ ಸಹಿ ಬಿತ್ತು. ಆಮೇಲಿನ ಜಗಳವೆಲ್ಲ ಆ ಒಂದು ಸಾಲಿನ ಮೇಲೇ ನಡೆಯಿತು, ಫೋನಿನ ಮೇಲಲ್ಲ. ಈಗಂತೂ ಟ್ಯಾಬ್ ಮೇಲೆ ಬೆರಳಲ್ಲಿ ಸಹಿ ಮಾಡಿಸಿಕೊಳ್ಳುತ್ತಾರೆ. ಪೂರ್ತಿ ಓದಿ, ಅದರ ನಕಲು ನಿಮ್ಮ ಇ-ಮೇಲ್‌ಗೆ ಬಂದ ಮೇಲೇ ಕೌಂಟರ್ ಬಿಡಿ.

ಕೊಡುವ ಮೊದಲು ಸಿಮ್ ಟ್ರೇ ಎಳೆದು ಆ ಕಿಂಡಿಗೆ ಟಾರ್ಚ್ ಬಿಡಿ. ತುಂಬಾ ಫೋನುಗಳಲ್ಲಿ ಒಳಗೆ ಒಂದು ಪುಟ್ಟ ಬಿಳಿ ಗುರುತು ಇರುತ್ತೆ. ನೀರು ತಾಗಿದರೆ ಕೆಂಪಾಗುತ್ತೆ. ಬಿಳಿ ಇರುವಾಗಲೇ ಫೋಟೋ ತೆಗೆದಿಡಿ. ಮಳೆಗಾಲ ಪೂರ್ತಿ ಜರ್ಕಿನ್ ಜೇಬಿನಲ್ಲಿ ಫೋನ್ ಇಟ್ಟುಕೊಂಡು ತೋಟ ಸುತ್ತುವವರು ನಾವು. ಮಲೆನಾಡು ಅಂದ ಕೂಡಲೇ "ನೀರು ಹೋಗಿದೆ" ಅನ್ನುವುದು ಅವರಿಗೆ ಸುಲಭ. ನೀರು ತಡೆಯುತ್ತೆ ಅನ್ನುವ ಐಪಿ68 ಗುರುತು ಬಾಕ್ಸಿನ ಮೇಲೆ ಇದ್ದರೂ ನೀರಿನ ಡ್ಯಾಮೇಜ್ ಸಾಮಾನ್ಯವಾಗಿ ವಾರಂಟಿಯಲ್ಲಿ ಬರುವುದಿಲ್ಲ, ನೆನಪಿರಲಿ. ಹಾಗೇ, ಒದ್ದೆಯಾದ ಫೋನನ್ನು ಅಕ್ಕಿ ಡಬ್ಬಕ್ಕೆ ಹಾಕುವುದನ್ನು ಬಿಡಿ. ಬೇಡ ಅಂತ ಆಪಲ್‌ನವರೇ ಹೇಳಿದ್ದಾರೆ, ಪುಡಿ ಒಳಗೆ ಹೋಗುತ್ತೆ.

ಇನ್ನು "ವಾರಂಟಿ ಮುಗಿದ ಮೇಲೆ ಏನೂ ಮಾಡೋಕಾಗಲ್ಲ" ಅಂದವರಿಗೆ. ವಾರಂಟಿ ಕಂಪನಿ ತಾನಾಗಿ ಕೊಟ್ಟ ಮಾತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸರಕಿನ ದೋಷ ಅನ್ನುವುದು ಬೇರೆಯೇ ಇದೆ. ತಯಾರಿಕೆಯಲ್ಲೇ ಇದ್ದ ದೋಷ ತಡವಾಗಿ ಹೊರಗೆ ಬಂದರೂ ದೂರು ಕೊಡಬಹುದು. ಆದರೆ ದೋಷ ಇತ್ತು ಅಂತ ತೋರಿಸುವ ಹೊಣೆ ನಮ್ಮದು. ಬೇಕಾದರೆ ದೂರು ಕೇಳುವ ಗ್ರಾಹಕ ಆಯೋಗ ಫೋನನ್ನು ಲ್ಯಾಬಿಗೆ ಕಳಿಸುತ್ತೆ. ಬಿಚ್ಚಿಸಬೇಡಿ ಅಂತ ಬಡಿದುಕೊಳ್ಳುತ್ತಿರುವುದು ಇದಕ್ಕೇ. ಗೆಲ್ಲುತ್ತೀರಿ ಅಂತ ನಾನು ಹೇಳುತ್ತಿಲ್ಲ. ಫೋನ್ ಕೆಳಗೆ ಬಿದ್ದದ್ದು ನಿಜವಾದರೆ ಸುಮ್ನೆ ದುಡ್ಡು ಕೊಟ್ಟು ರಿಪೇರಿ ಮಾಡಿಸಿ.

ಕೋರ್ಟು ಗೀರ್ಟು ಅನ್ನುವ ಮೊದಲು ಕಂಪನಿಯ ಸೈಟ್ ನೋಡಿ. 2024ರಲ್ಲಿ ಒನ್‌ಪ್ಲಸ್ ಇದೇ ಹಸಿರು ಗೆರೆಗೆ ವಾರಂಟಿ ಮುಗಿದಿದ್ದರೂ ಸ್ಕ್ರೀನ್ ಉಚಿತವಾಗಿ ಬದಲಿಸುವುದಾಗಿ ಹೇಳಿತು. ಸ್ಯಾಮ್‌ಸಂಗ್ ಕೂಡ ಆ ವರ್ಷ ಕೆಲವು ಗ್ಯಾಲಕ್ಸಿ ಮಾಡೆಲ್‌ಗಳಿಗೆ ಗಡುವು ಇಟ್ಟು ಬದಲಿಸಿಕೊಟ್ಟಿತು. ಐಫೋನ್ 14 ಪ್ಲಸ್‌ನ ಹಿಂದಿನ ಕ್ಯಾಮೆರಾಕ್ಕೆ ಆಪಲ್ ಮೂರು ವರ್ಷದವರೆಗೆ ಉಚಿತ ರಿಪೇರಿ ಕೊಟ್ಟಿದೆ. ಎಲ್ಲದಕ್ಕೂ ಮಾಡೆಲ್, ತಾರೀಖಿನ ಷರತ್ತು ಇದ್ದೇ ಇರುತ್ತೆ. ಇದನ್ನು ಕೌಂಟರಿನ ಹುಡುಗ ತಾನಾಗಿ ಹೇಳಲಿ ಅಂತ ಕಾಯಬೇಡಿ. ಅವನ ಮೇಲೆ ಕೂಗಾಡಲೂ ಬೇಡಿ, ಅವನ ಕೈಯಲ್ಲಿ ಏನೂ ಇಲ್ಲ. ನನ್ನನ್ನು ಕೇಳಿದರೆ, ಯಾವ ಬ್ರ್ಯಾಂಡಾದರೂ ಅಷ್ಟೇ. ಹಾಸನದಲ್ಲೋ ಚಿಕ್ಕಮಗಳೂರಲ್ಲೋ ಸರ್ವಿಸ್ ಇಲ್ಲದ ಫೋನನ್ನು ಕ್ಯಾಮೆರಾ ಚೆನ್ನಾಗಿದೆ ಅಂತ ತೆಗೆದುಕೊಳ್ಳುವುದೇ ದಂಡ.

ಸೈಟಿನಲ್ಲಿ ಅಂಥ ಉಚಿತ ರಿಪೇರಿ ಸಿಗದಿದ್ದರೆ ಕಂಪನಿಯ ದೂರು ಅಧಿಕಾರಿಗೆ ಮೇಲ್ ಹಾಕಿ. ಫೋನಲ್ಲಿ ಮಾತಾಡಿದ್ದಕ್ಕೆ ಲೆಕ್ಕವಿಲ್ಲ. ಆಮೇಲೆ 1915ಕ್ಕೆ ದೂರು ಕೊಡಿ. ಅದು ಕೇಂದ್ರ ಸರ್ಕಾರದ ಗ್ರಾಹಕ ಸಹಾಯವಾಣಿ. ಆದೇಶ ಮಾಡುವ ಅಧಿಕಾರ ಅದಕ್ಕಿಲ್ಲ, ಆದರೆ ದೂರು ಕಂಪನಿಯ ಮೇಲಿನವರಿಗೆ ಮುಟ್ಟುತ್ತೆ. ಆಮೇಲೆ ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್, ಕೊನೆಗೆ ಜಿಲ್ಲಾ ಗ್ರಾಹಕ ಆಯೋಗ. ಕಂಪನಿ ಎಲ್ಲೇ ಇರಲಿ, ನೀವಿರುವ ಜಿಲ್ಲೆಯಲ್ಲೇ ಹಾಕಬಹುದು. ಇ-ಜಾಗೃತಿ ಪೋರ್ಟಲ್‌ನಲ್ಲಿ ಆನ್‌ಲೈನ್ ಆಗುತ್ತೆ, ವಕೀಲರು ಕಡ್ಡಾಯವಲ್ಲ, ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಎರಡು ವರ್ಷದ ಗಡುವು ಇದೆ, ತೊಂದರೆ ಬಂದ ದಿನದಿಂದಲೇ ಲೆಕ್ಕ ಹಿಡಿದುಕೊಳ್ಳಿ. ಅಂಗಡಿ, ಸರ್ವಿಸ್ ಸೆಂಟರ್, ಕಂಪನಿ ಮೂವರನ್ನೂ ಸೇರಿಸಿ, ಇಲ್ಲದಿದ್ದರೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ. ಮೇಲೆ ಯಾರೋ "ಐದು ಲಕ್ಷ ಪರಿಹಾರ ಕೇಳಿ" ಅಂದಿದ್ದಾರೆ. ಅಂಥ ಸಲಹೆ ಕೊಟ್ಟು ಕೆಡಿಸಬೇಡಿ. ರಿಪೇರಿ ಅಥವಾ ಫೋನಿನ ಬೆಲೆ, ಜೊತೆಗೆ ನ್ಯಾಯವಾದ ಖರ್ಚು ಕೇಳಿ, ಸಾಕು.

ತೋಟದ ಜಿಎಸ್‌ಟಿ ನಂಬರ್ ಹಾಕಿಸಿ ಬಿಲ್ ಮಾಡಿಸುವವರೂ ಹುಷಾರು. "ವ್ಯಾಪಾರಕ್ಕೆ ಕೊಂಡದ್ದು, ಇವರು ಗ್ರಾಹಕರೇ ಅಲ್ಲ" ಅಂತ ಎದುರಿನವರು ವಾದ ತೆಗೆಯುತ್ತಾರೆ. ಕಳೆ ಕೊಚ್ಚುವ ಮಷಿನ್ನಿಗೂ ಇದೇ ಕಥೆ. ಸ್ವಂತ ದುಡಿಮೆಗೆ, ಹೊಟ್ಟೆಪಾಡಿಗೆ ಕೊಂಡಿದ್ದರೆ ಕಾಯ್ದೆ ಗ್ರಾಹಕ ಅಂತಲೇ ಒಪ್ಪುತ್ತೆ, ಆದರೂ ಬಿಲ್ ನಿಮ್ಮ ಹೆಸರಲ್ಲೇ ಇರಲಿ. ಅಂಗಡಿಯವರ ಆ ನುಣುಪು ಕಾಗದದ ಬಿಲ್ ವರ್ಷದೊಳಗೆ ಅಳಿಸಿ ಹೋಗುತ್ತೆ, ಇವತ್ತೇ ಜೆರಾಕ್ಸ್ ಮಾಡಿಸಿ.

ಸೆಂಟರಿಗೆ ಕೊಡುವ ಮುಂಚೆ ಬ್ಯಾಕಪ್ ಮರೆಯಬೇಡಿ ಅಣ್ಣ. ಜಾಬ್ ಶೀಟ್ ಸಿಕ್ಕಿದ ಮೇಲೆ ಐಎಂಇಐ (ಫೋನಿನ ಗುರುತಿನ) ನಂಬರ್, ಫೋನ್ ನಂಬರ್ ಮುಚ್ಚಿ ಫೋಟೋ ಇಲ್ಲೇ ಹಾಕಿ. ದೂರಿನ ಕರಡು ಬರೆಯೋಕೆ ನಾನು ಕೂರುತ್ತೇನೆ.