ಕುರ್ಚಿ ಮೊದಲು, ಒಪ್ಪಿಗೆ ಆಮೇಲೆ

ಸ್ಯಾನ್ ಹೋಸೆಯಿಂದ ಬರೆದ ಓದುಗರೇ,

ವೈದ್ಯರ ಪರವಾನಗಿ ಉಳಿಸುವ, ಕಸಿಯುವ ಅಧಿಕಾರವಿರುವ ಕ್ಯಾಲಿಫೋರ್ನಿಯಾದ ಮೆಡಿಕಲ್ ಬೋರ್ಡಿಗೆ ಗವರ್ನರ್ ನೇಮಿಸಿದ ವೈದ್ಯರೊಬ್ಬರು ರಾಜ್ಯದ ಶಾಸಕಾಂಗದ ಮೇಲ್ಮನೆಯಾದ ಸೆನೆಟ್ಟಿನ ಒಪ್ಪಿಗೆಗೂ ಮೊದಲೇ ಸಭೆಯಲ್ಲಿ ಕೂತು ಮತ ಹಾಕುತ್ತಿದ್ದಾರೆ, ಆ ಮತ ಊರ್ಜಿತವೇ, ಆಕ್ಷೇಪವಿದ್ದರೆ ಎಲ್ಲಿ ಹೇಳಬೇಕು ಎಂದು ಕೇಳಿದ್ದೀರಿ.

ಮತ ಊರ್ಜಿತ. ನೇಮಕವಾದವರು ಪ್ರಮಾಣವಚನ ತೆಗೆದುಕೊಂಡು ಕೂಡಲೇ ಕೆಲಸ ಶುರು ಮಾಡಬಹುದು. ಆದರೆ ಶುರು ಮಾಡಿದ ದಿನದಿಂದ 365 ದಿನದೊಳಗೆ ಸೆನೆಟ್ ಒಪ್ಪದಿದ್ದರೆ ಮುಂದುವರಿಯುವಂತಿಲ್ಲ. ತಿರಸ್ಕರಿಸಿದರೆ ಅಲ್ಲಿಂದ 60 ದಿನ ಅಥವಾ ಆ 365 ದಿನ, ಯಾವುದು ಮೊದಲು ಮುಗಿಯುವುದೋ ಅಲ್ಲಿಯವರೆಗೆ ಮಾತ್ರ. ಮೌನಂ ಸಮ್ಮತಿ ಲಕ್ಷಣಂ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಸೆನೆಟ್ ಬಾಯಿ ಬಿಡದೆ ವರ್ಷ ಕಳೆದರೂ ಕುರ್ಚಿ ಹೋಗುತ್ತದೆ.

ಅವರನ್ನು ನೇಮಿಸಿದ್ದು ಗವರ್ನರ್ರೇ ಎಂಬುದನ್ನು ಮೊದಲು ಖಚಿತ ಮಾಡಿಕೊಳ್ಳಿ. ಬೋರ್ಡಿನ 15 ಸದಸ್ಯರಲ್ಲಿ 8 ಮಂದಿ ವೈದ್ಯರು, 7 ಮಂದಿ ಸಾರ್ವಜನಿಕರು. ಗವರ್ನರ್ ನೇಮಿಸುವ 13 ಮಂದಿಗೆ ಮಾತ್ರ ಈ ಒಪ್ಪಿಗೆ ಬೇಕು. ಸಾರ್ವಜನಿಕರಲ್ಲಿ ಒಬ್ಬರನ್ನು ಸೆನೆಟ್ಟಿನ ರೂಲ್ಸ್ ಕಮಿಟಿ, ಇನ್ನೊಬ್ಬರನ್ನು ಕೆಳಮನೆಯಾದ ಅಸೆಂಬ್ಲಿಯ ಸ್ಪೀಕರ್ ನೇರವಾಗಿ ಹಾಕುತ್ತಾರೆ.

ನಿಮ್ಮ ಆಕ್ಷೇಪದ ಪತ್ರ ಹೋಗಬೇಕಾದದ್ದು ಇದೇ ರೂಲ್ಸ್ ಕಮಿಟಿಗೆ. ಐವರ ಕಮಿಟಿ, ಮೂವರು ಒಪ್ಪಿದರೆ ಹೆಸರು ಸದನಕ್ಕೆ ಹೋಗುತ್ತದೆ. ಅದರ ಕಾರ್ಯಸೂಚಿಯನ್ನು ಒಮ್ಮೆ ಬಿಡಿಸಿ ನೋಡಿ. ಗವರ್ನರ್ ನೇಮಿಸಿದವರ ಹೆಸರು ಎರಡು ಪಟ್ಟಿಯಲ್ಲಿರುತ್ತವೆ: ಖುದ್ದು ಹಾಜರಾಗಬೇಕಾದವರು, ಹಾಜರಾಗಬೇಕಿಲ್ಲದವರು. ಎರಡನೆಯ ಪಟ್ಟಿಗೆ ಸೇರಿದವರನ್ನು ಎದುರು ಕೂರಿಸಿಕೊಂಡು ಯಾರೂ ಪ್ರಶ್ನೆ ಕೇಳುವುದಿಲ್ಲ. ಆಕ್ಷೇಪಗಳು ಸೋಲುವುದು ಹೆಚ್ಚಾಗಿ ಇಲ್ಲೇ ಎಂದು ನಮಗನ್ನಿಸುತ್ತದೆ: ಪತ್ರ ಚೆನ್ನಾಗಿರುತ್ತದೆ, ತಲುಪುವಷ್ಟರಲ್ಲಿ ಪಟ್ಟಿ ಅಚ್ಚಾಗಿರುತ್ತದೆ. ಹಾಗಾಗಿ ನೇಮಕದ ಪ್ರಕಟಣೆ ಬಂದ ವಾರಗಳಲ್ಲೇ ಬರೆಯಿರಿ.

ಒಂದು ಪುಟ ಸಾಕು. ಹೆಸರು, ಹುದ್ದೆ, ವಿರೋಧವೋ ಬೆಂಬಲವೋ ಎಂಬುದು ಮೊದಲ ಸಾಲಿನಲ್ಲೇ ಇರಲಿ. ಆಮೇಲೆ ದಾಖಲೆ ತೋರಿಸಬಲ್ಲ ಸಂಗತಿಗಳು: ಇಂಥ ದಿನದ ಸಭೆಯಲ್ಲಿ ಹಾಕಿದ ಮತ, ಗೈರುಹಾಜರಿ, ಹಿತಾಸಕ್ತಿಯ ತೊಡಕು. ಅವರ ಆಸ್ತಿ, ಆದಾಯದ ವಿವರ ಅವರೇ ಸಲ್ಲಿಸುವ ಫಾರ್ಮ್ 700ರಲ್ಲಿರುತ್ತದೆ. ಅದು ಸಾರ್ವಜನಿಕ ದಾಖಲೆ, ಯಾರು ಬೇಕಾದರೂ ಕೇಳಿ ಪಡೆಯಬಹುದು. ನೀವು ನಮಗೆ ಬರೆದಿರುವ, ನಿಮ್ಮ ತಾಯಿಯವರ ಚಿಕಿತ್ಸೆಯ ದೂರನ್ನು ಮಾತ್ರ ಇದರೊಳಗೆ ಸೇರಿಸಬೇಡಿ. ನಿಮ್ಮ ನೋವು ನಮಗೆ ಅರ್ಥವಾಗುತ್ತದೆ, ಆದರೆ ಆ ದೂರಿನ ತೀರ್ಪು ಕಮಿಟಿಯ ಕೈಯಲ್ಲಿಲ್ಲ. ಅದನ್ನು ಬೋರ್ಡಿಗೇ ಬೇರೆಯಾಗಿ ಕೊಡಿ.

ಭಾರತದಲ್ಲಿ ಹೀಗಿದೆಯೇ ಎಂದೂ ಕೇಳಿದ್ದೀರಿ. ಇಲ್ಲ. 2019ರ ಕಾಯ್ದೆಯಡಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಅಧ್ಯಕ್ಷರ ಹೆಸರನ್ನು ಸಂಪುಟ ಕಾರ್ಯದರ್ಶಿ ನೇತೃತ್ವದ ಶೋಧನಾ ಸಮಿತಿ ಶಿಫಾರಸು ಮಾಡುತ್ತದೆ, ಕೇಂದ್ರ ಸರ್ಕಾರ ನೇಮಿಸುತ್ತದೆ. ಸಂಸತ್ತು ಮತ ಹಾಕುವುದಿಲ್ಲ. ವೈದ್ಯರ ಪರವಾನಗಿ ಉಳಿಸುವ, ಕಸಿಯುವ ಅಧಿಕಾರ ಯಾರ ಕೈಗೆ ಹೋಗುತ್ತಿದೆ ಎಂಬುದನ್ನು ಜನಪ್ರತಿನಿಧಿಗಳು ಬಹಿರಂಗವಾಗಿ ಕೇಳುವ ಒಂದು ದಿನ ನಮ್ಮಲ್ಲೂ ಇರಬೇಕಿತ್ತು ಎಂಬುದು ನಮ್ಮ ಅಭಿಪ್ರಾಯ.

ಪತ್ರದ ಒಂದು ಪ್ರತಿಯನ್ನು ನಿಮ್ಮ ಕ್ಷೇತ್ರದ ಸೆನೆಟರಿಗೂ ಕಳಿಸಿ. ಕಮಿಟಿ ದಾಟಿದರೂ ಸದನದ 40 ಮಂದಿಯಲ್ಲಿ 21 ಮತ ಬೇಕೇ ಬೇಕು.

– ಸಂಪಾದಕರು