ಕನ್ನಡ ಎಂ.ಎ. ಮುಗಿದಿದೆ, ಕಾದಂಬರಿ ಬರೆಯುವ ಆಸೆ. ಪಿಎಚ್.ಡಿ. ಮಾಡಿ ಕಾಲೇಜು ಮೇಷ್ಟ್ರಾದರೆ ಬರೆಯೋಕೆ ಸಮಯ ಸಿಗುತ್ತಾ?

ಈ ಪ್ರಶ್ನೆ ನಾನೇ ಹಾಕಿದ್ದೇನೋ ಅನ್ನಿಸಿತು.

ನಮ್ಮಜ್ಜಿಯ ಮನೆ ಶರಾವತಿ ಹಿನ್ನೀರಲ್ಲಿ ಮುಳುಗಿದ್ದು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲೇ ಮುಗಿಯಿತು. ಅಜ್ಜಿ ಮಾತ್ರ ಕೊನೇತನಕ ಆ ಮನೆಯ ಜಗಲಿ, ಕೊಟ್ಟಿಗೆ ಬಿಟ್ಟು ಬೇರೆ ಮಾತಾಡಲಿಲ್ಲ. ಅದೇ ನನ್ನ ಕಾದಂಬರಿ ಆಗಬೇಕಿತ್ತು. ಪಿಎಚ್.ಡಿ.ಗೆ ವಿಷಯ ಕೇಳಿದಾಗ ಜಾಣತನ ಮಾಡಿದೆ. ಮುಳುಗಡೆಯನ್ನೇ ಕೊಟ್ಟೆ. ಒಂದೇ ಓಡಾಟದಲ್ಲಿ ಪ್ರಬಂಧವೂ ಆಗುತ್ತೆ, ಕಾದಂಬರಿಯೂ ಆಗುತ್ತೆ ಅನ್ನೋ ಲೆಕ್ಕ.

ಆ ಲೆಕ್ಕವೇ ನನ್ನನ್ನು ಮುಳುಗಿಸಿತು. ಹೇಗೆ ಅಂತ ಬಿಡಿಸಿ ಹೇಳುತ್ತೇನೆ, ಸ್ವಲ್ಪ ಜಾಸ್ತಿ ಆದರೂ ಕೇಳಿ. ಒಬ್ಬ ಹಿರಿಯರು ಊರು ಬಿಟ್ಟ ದಿನದ ಕಥೆ ಹೇಳಿದರು. ಲಾರಿ ಹತ್ತಿಸುವಾಗ ಹಸು ಹಗ್ಗ ಕಿತ್ತುಕೊಂಡು ಖಾಲಿ ಕೊಟ್ಟಿಗೆಗೆ ವಾಪಸ್ ಓಡಿತಂತೆ. ಕಾದಂಬರಿಯಲ್ಲಾದರೆ ಆ ಹಸುವಿಗೇ ಒಂದು ಅಧ್ಯಾಯ. ನನ್ನ ಪ್ರಬಂಧದಲ್ಲಿ ಅದು 'ಸ್ಥಳಾಂತರದ ಭಾವನಾತ್ಮಕ ಪರಿಣಾಮಗಳು' ಅನ್ನೋ ಉಪಶೀರ್ಷಿಕೆ ಕೆಳಗೆ ಎರಡು ಸಾಲಾಯಿತು, ಅಡಿಟಿಪ್ಪಣಿ ಸಮೇತ. ಹಾಗೆ ಬರೆದ ಮೇಲೆ ಬೇರೆ ಥರ ಬರೆಯೋಕೆ ಆಗಲೇ ಇಲ್ಲ. ಪಾತ್ರ ಬಾಯಿ ತೆರೆಯುವ ಮೊದಲೇ ನಾನು ಅದರ ಮಾತಿಗೆ ಅರ್ಥ ಹೇಳುತ್ತಿದ್ದೆ. ಪ್ರತಿ ದೃಶ್ಯಕ್ಕೂ ತೀರ್ಮಾನ ಮೊದಲೇ ಸಿದ್ಧ. ಮೌಖಿಕ ಪರೀಕ್ಷೆ ಮುಗಿದು ಎಲ್ಲರೂ ಕೈಕುಲುಕುವಾಗ ನನ್ನ ತಲೆಯಲ್ಲಿ ಕಾದಂಬರಿ ಅನ್ನೋದೇ ಉಳಿದಿರಲಿಲ್ಲ.

ಅನಂತಮೂರ್ತಿಯವರನ್ನು ನೋಡಿ. ಬರ್ಮಿಂಗ್‌ಹ್ಯಾಮ್‌ನಲ್ಲಿ ಪಿಎಚ್.ಡಿ. ಮಾಡಿದ್ದು 1930ರ ದಶಕದ ಇಂಗ್ಲಿಷ್ ಕಾದಂಬರಿ ಮತ್ತು ರಾಜಕೀಯದ ಮೇಲೆ. ಅಲ್ಲೇ ಕೂತು ಬರೆದದ್ದು ಮಲೆನಾಡಿನ ಅಗ್ರಹಾರದ 'ಸಂಸ್ಕಾರ'. ಎರಡನ್ನೂ ಬೆರೆಸಲಿಲ್ಲ. ನಿಸಾರ್ ಅಹಮದ್ ಅವರಂತೂ ಪಾಠ ಮಾಡಿದ್ದು ಭೂವಿಜ್ಞಾನ.

ಇನ್ನು ಸಮಯ. ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಪ್ರಕಾರ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಪಾಠ. ಕೇಳೋಕೆ ಚೆನ್ನಾಗಿದೆ ಅಲ್ವಾ? ನ್ಯಾಕ್ (ಕಾಲೇಜುಗಳಿಗೆ ಶ್ರೇಣಿ ಕೊಡುವ ಸಂಸ್ಥೆ) ಫೈಲು, ಎನ್‌ಎಸ್‌ಎಸ್ ಶಿಬಿರ, ಪರೀಕ್ಷಾ ಕೊಠಡಿ, ಮೌಲ್ಯಮಾಪನ ಎಲ್ಲ ಅದರ ಹೊರಗೆ. ಸಾಹಿತ್ಯದ ಪಾಠವೂ ನೀವು ಅಂದುಕೊಂಡ ಹಾಗಿಲ್ಲ. ಡಿಗ್ರಿ ಕಾಲೇಜಲ್ಲಿ ಹೆಚ್ಚಾಗಿ ಬಿ.ಕಾಂ., ಬಿಸಿಎ ಮಕ್ಕಳಿಗೆ ಭಾಷಾ ಕನ್ನಡ. ಆ ಮಕ್ಕಳು ನನಗಿಷ್ಟ, ಅದು ಬೇರೆ ಮಾತು. ಕಾಯಂ ಹುದ್ದೆ ಸಿಗುವವರೆಗೆ ಅತಿಥಿ ಉಪನ್ಯಾಸಕ. ಮುಂದಿನ ವರ್ಷ ಕೆಲಸ ಇದೆಯೋ ಇಲ್ಲವೋ ಅನ್ನೋ ಚಿಂತೆಯಲ್ಲೇ ರಜೆ ಕಳೆದುಹೋಗುತ್ತದೆ.

ಆದ್ದರಿಂದ ಬರೆಯೋಕೆ ಅಂತ ಮೇಷ್ಟ್ರಾಗಬೇಡಿ. ಶರಾವತಿ ಮುಳುಗಡೆಯ ಜನರನ್ನು ಕಾದಂಬರಿಗೆ ತಂದ ನಾ. ಡಿಸೋಜ ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದವರು. ಪಾಠ ಮಾಡುವುದು ಇಷ್ಟವಿದ್ದರೆ ಮಾತ್ರ ಬನ್ನಿ. ಮೇಷ್ಟ್ರಾಗೋಕೆ ಬೇಕಾದ ಅರ್ಹತಾ ಪರೀಕ್ಷೆ, ನೆಟ್ ಅಥವಾ ಕೆ-ಸೆಟ್, ಮೊದಲು ಮುಗಿಸಿ. ಜೆಆರ್‌ಎಫ್ (ಸಂಶೋಧನೆಗೆ ಸಿಗುವ ಫೆಲೋಶಿಪ್) ಬಂದರೆ ಬಿಡಬೇಡಿ, ಆ ಹಣದಲ್ಲಿ ಬರೆಯಲೂಬಹುದು. ಪ್ರಬಂಧಕ್ಕೆ ಮಾತ್ರ ಕೇಶಿರಾಜನ ವ್ಯಾಕರಣವನ್ನೋ ಶಾಸನಗಳನ್ನೋ ತಗೊಳ್ಳಿ. 'ನಿಮ್ಮೂರಿನ ಮೇಲೇ ಮಾಡಿ, ಸುಲಭ ಆಗುತ್ತೆ' ಅಂತ ಗೈಡ್ ಹೇಳಿಯೇ ಹೇಳುತ್ತಾರೆ. ನಯವಾಗಿ ಬೇಡ ಅನ್ನಿ.